ಭಿನ್ನರಾಶಿ, ಶೇಕಡಾ, ಅನುಪಾತ: ಶಾಲಾ ಗಣಿತದ ವಾಕ್ಯರೂಪದ ಲೆಕ್ಕಗಳು

ಭಿನ್ನರಾಶಿ, ಶೇಕಡಾ ಮತ್ತು ಅನುಪಾತವನ್ನು ಆಧರಿಸಿದ ವಾಕ್ಯರೂಪದ ಲೆಕ್ಕಗಳು ಶಾಲಾ ಅಂಕಗಣಿತದ ಮುಖ್ಯ ವಿಭಾಗಗಳಲ್ಲಿ ಒಂದು. ಇವುಗಳಲ್ಲಿ ಅಂಕಿಗಳನ್ನೂ ಚಿಹ್ನೆಗಳನ್ನೂ ನೇರವಾಗಿ ಕೊಡುವುದಿಲ್ಲ. ಹೊಲ, ಅಂಗಡಿ, ಸಾಲ, ಕೂಲಿ, ಅಡುಗೆ, ಪರೀಕ್ಷೆಯ ಅಂಕ ಮೊದಲಾದ ಒಂದು ಸಂದರ್ಭವನ್ನು ಮಾತಿನಲ್ಲಿ ವಿವರಿಸಿರುತ್ತಾರೆ. ಅದರೊಳಗಿನ ಗಣಿತವನ್ನು ವಿದ್ಯಾರ್ಥಿಯೇ ಗುರುತಿಸಿ ಬಿಡಿಸಬೇಕು. ಭಾರತದ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮದಲ್ಲಿ ಮೂರು, ನಾಲ್ಕನೆಯ ತರಗತಿಗಳಲ್ಲಿ ಅರ್ಧ, ಕಾಲು, ಮುಕ್ಕಾಲಿನಿಂದ ಪಾಠ ಆರಂಭವಾಗುತ್ತದೆ. ಆರನೆಯ ತರಗತಿಯ ಹೊತ್ತಿಗೆ ಅನುಪಾತ ಮತ್ತು ಸಮಾನುಪಾತ, ಏಳರಲ್ಲಿ ಶೇಕಡಾ, ಲಾಭನಷ್ಟ, ಸರಳ ಬಡ್ಡಿ, ಎಂಟರಲ್ಲಿ ಚಕ್ರಬಡ್ಡಿ, ರಿಯಾಯಿತಿ, ನೇರ ಮತ್ತು ವಿಲೋಮ ಅನುಪಾತಗಳು ಬರುತ್ತವೆ. ಶಾಲೆ ಬಿಟ್ಟ ಮೇಲೂ ಜನ ದಿನನಿತ್ಯ ಬಳಸುವ ಗಣಿತ ಬಹುಪಾಲು ಇಷ್ಟೇ. ಆದರೆ ಹೆಚ್ಚು ಮಂದಿ ಮಕ್ಕಳು ಗಣಿತಕ್ಕೆ ಹೆದರಲು ತೊಡಗುವುದೂ ಇಲ್ಲಿಯೇ.

ಮೂರು ರೂಪ, ಒಂದೇ ಹೋಲಿಕೆ

40 ಮಕ್ಕಳಿರುವ ತರಗತಿಯಲ್ಲಿ 24 ಹುಡುಗಿಯರು, 16 ಹುಡುಗರು ಇದ್ದಾರೆ ಎಂದುಕೊಳ್ಳೋಣ. ಇದನ್ನು ಮೂರು ರೀತಿಯಲ್ಲಿ ಹೇಳಬಹುದು. ಹುಡುಗಿಯರು ತರಗತಿಯ 3/5 ಭಾಗ. ತರಗತಿಯಲ್ಲಿ ಶೇ 60 ಹುಡುಗಿಯರು. ಹುಡುಗಿಯರಿಗೂ ಹುಡುಗರಿಗೂ ಇರುವ ಅನುಪಾತ 3:2. ಮೂರೂ ಮಾತು ಒಂದೇ ಸಂಗತಿಯನ್ನು ಹೇಳುತ್ತವೆ. ಭಿನ್ನರಾಶಿ ಒಂದು ಭಾಗವನ್ನು ಇಡಿಯೊಂದಿಗೆ ಹೋಲಿಸುತ್ತದೆ. ಶೇಕಡಾ ಎಂಬುದು ಛೇದ ಯಾವಾಗಲೂ 100 ಆಗಿರುವ ಭಿನ್ನರಾಶಿ. ಬೇರೆ ಬೇರೆ ಗಾತ್ರದ ಗುಂಪುಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಅದು ಅನುಕೂಲ. ಅನುಪಾತವು ಹೆಚ್ಚಾಗಿ ಒಂದು ಭಾಗವನ್ನು ಇನ್ನೊಂದು ಭಾಗದೊಂದಿಗೆ ಹೋಲಿಸುತ್ತದೆ. 3:2 ಎಂದು ಓದಿ ಹುಡುಗಿಯರು 3/2 ಭಾಗವೆಂದಾಗಲಿ, ಹುಡುಗರು 2/3 ಭಾಗವೆಂದಾಗಲಿ ಬರೆಯುವ ವಿದ್ಯಾರ್ಥಿ ಭಾಗಗಳನ್ನು ಕೂಡಿ ಇಡಿಯನ್ನು ಕಂಡುಕೊಳ್ಳುವುದನ್ನು ಮರೆತಿರುತ್ತಾನೆ. 3 ಮತ್ತು 2 ಸೇರಿ 5; ಇಡಿ ಇರುವುದು ಆ ಐದರಲ್ಲಿ.

ಈ ಬಗೆಯ ಎಲ್ಲ ಲೆಕ್ಕಗಳಿಗೂ ಮೂಲವಾದ ಪ್ರಶ್ನೆ ಒಂದೇ: ಯಾವುದರ ಭಾಗ, ಯಾವುದರ ಮೇಲೆ ಶೇಕಡಾ, ಯಾವುದಕ್ಕೆ ಹೋಲಿಸಿದ ಅನುಪಾತ? ಈ ಆಧಾರವನ್ನು ಸರಿಯಾಗಿ ಗುರುತಿಸಿದರೆ ಉಳಿದುದು ಗುಣಾಕಾರ, ಭಾಗಾಕಾರ. ಗುರುತಿಸದಿದ್ದರೆ ಗುಣಾಕಾರ ಎಷ್ಟೇ ಚೆನ್ನಾಗಿದ್ದರೂ ಉತ್ತರ ತಪ್ಪುತ್ತದೆ.

ಪ್ರಾಚೀನ ಜಗತ್ತಿನಲ್ಲಿ

ಪಾಲು ಹಂಚುವ ಲೆಕ್ಕಗಳು ಬರವಣಿಗೆಯಷ್ಟೇ ಹಳೆಯವು. ಕ್ರಿ.ಪೂ. 1550ರ ಸುಮಾರಿಗೆ ಈಜಿಪ್ಟಿನ ಲಿಪಿಕಾರ ಅಹ್ಮೋಸ್ ನಕಲು ಮಾಡಿದ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ರಿಂಡ್ ಪಪೈರಸ್‌ನ ಮೊದಲ ಲೆಕ್ಕಗಳು ರೊಟ್ಟಿಗಳನ್ನು ಹತ್ತು ಜನರಿಗೆ ಹಂಚುವುದನ್ನು ಕುರಿತವು. ಈಜಿಪ್ಟಿನವರು 2/3 ಒಂದನ್ನು ಬಿಟ್ಟರೆ ಅಂಶ 1 ಆಗಿರುವ ಭಿನ್ನರಾಶಿಗಳನ್ನೇ ಹೆಚ್ಚಾಗಿ ಬಳಸುತ್ತಿದ್ದರು. ಒಂದು ರಾಶಿಗೆ ಅದರ ಕಾಲುಭಾಗ ಸೇರಿಸಿದರೆ 15 ಆಗುತ್ತದೆ, ಆ ರಾಶಿ ಎಷ್ಟು ಎಂಬ ಲೆಕ್ಕವೂ ಅದೇ ಪಪೈರಸ್‌ನಲ್ಲಿದೆ. ಪರಿಹಾರಕ್ಕೆ ಮೊದಲು ರಾಶಿ 4 ಎಂದು ಭಾವಿಸುತ್ತಾರೆ. 4ಕ್ಕೆ ಅದರ ಕಾಲುಭಾಗ ಸೇರಿಸಿದರೆ 5. ಬೇಕಾದುದು 15, ಅಂದರೆ ಮೂರು ಪಟ್ಟು. ಆದ್ದರಿಂದ ಉತ್ತರ 12. ಒಂದು ಬೆಲೆಯನ್ನು ಊಹಿಸಿ ಆಮೇಲೆ ಅನುಪಾತದಿಂದ ಸರಿಪಡಿಸುವ ಈ ವಿಧಾನವನ್ನೇ ಭಾರತೀಯ ಗಣಿತದಲ್ಲಿ ಇಷ್ಟಕರ್ಮ ಎಂದು ಕರೆದರು.

ಚೀನಾದ 'ಒಂಬತ್ತು ಅಧ್ಯಾಯಗಳು' ಎಂಬ ಗಣಿತ ಗ್ರಂಥದಲ್ಲಿ ಧಾನ್ಯಗಳ ವಿನಿಮಯಕ್ಕೆ ಒಂದು ಅಧ್ಯಾಯವೂ ಅನುಪಾತಕ್ಕೆ ತಕ್ಕಂತೆ ಹಂಚುವುದಕ್ಕೆ ಇನ್ನೊಂದು ಅಧ್ಯಾಯವೂ ಮೀಸಲಾಗಿವೆ. ಗ್ರೀಕ್ ಸಂಕಲನವೊಂದರಲ್ಲಿ ಗಣಿತಜ್ಞ ಡಯೊಫ್ಯಾಂಟಸನ ಆಯುಸ್ಸನ್ನು ಕೇಳುವ ಪ್ರಸಿದ್ಧ ಲೆಕ್ಕವಿದೆ: ಬಾಲ್ಯ ಆಯುಸ್ಸಿನ 1/6, ಆಮೇಲೆ 1/12 ಕಳೆದು ಗಡ್ಡ ಬಂದದ್ದು, ಇನ್ನೂ 1/7 ಕಳೆದು ಮದುವೆ, ಐದು ವರ್ಷಕ್ಕೆ ಮಗ, ಮಗ ಬದುಕಿದ್ದು ತಂದೆಯ ಆಯುಸ್ಸಿನ ಅರ್ಧ, ಅವನ ಸಾವಿನ ಬಳಿಕ ತಂದೆ ಬದುಕಿದ್ದು ನಾಲ್ಕು ವರ್ಷ. ಉತ್ತರ 84. ರೋಮಿನಲ್ಲಿ ಅಗಸ್ಟಸ್ ಚಕ್ರವರ್ತಿ ಹರಾಜಿನ ಮಾರಾಟದ ಮೇಲೆ ನೂರಕ್ಕೆ ಒಂದರಂತೆ ತೆರಿಗೆ ಹಾಕಿದ್ದ. ಇಂದು ನಾವು ಬಳಸುವ ಶೇಕಡಾ ಚಿಹ್ನೆ 15ನೆಯ ಶತಮಾನದ ಇಟಲಿಯ ವ್ಯಾಪಾರಿಗಳ ಲೆಕ್ಕಪತ್ರಗಳಲ್ಲಿ 'ನೂರಕ್ಕೆ' ಎಂಬುದನ್ನು ಚುಟುಕಾಗಿ ಬರೆಯುವ ರೂಢಿಯಿಂದ ಬೆಳೆದು ಬಂದದ್ದು.

ಭಾರತೀಯ ಪರಂಪರೆ

ಭಾರತದಲ್ಲಿ ಈ ಲೆಕ್ಕಗಳಿಗೆ ದೀರ್ಘವಾದ, ಶ್ರೀಮಂತವಾದ ಪರಂಪರೆಯಿದೆ. ಕೌಟಿಲ್ಯನ ಅರ್ಥಶಾಸ್ತ್ರ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಬಡ್ಡಿಯನ್ನು ಧರ್ಮಸಮ್ಮತವೆನ್ನುತ್ತದೆ. ವ್ಯಾಪಾರದ ಸಾಲಕ್ಕೆ ಐದು ಪಣ, ಕಾಡಿನ ದಾರಿಯಲ್ಲಿ ಸರಕು ಒಯ್ಯುವವರಿಗೆ ಹತ್ತು, ಸಮುದ್ರಯಾನ ಮಾಡುವವರಿಗೆ ಇಪ್ಪತ್ತು. ಅಪಾಯ ಹೆಚ್ಚಿದಷ್ಟೂ ಬಡ್ಡಿ ಹೆಚ್ಚು. ನೂರನ್ನು ಆಧಾರವಾಗಿಟ್ಟು ತಿಂಗಳ ಲೆಕ್ಕದಲ್ಲಿ ಬಡ್ಡಿ ಹೇಳುವ ಈ ಕ್ರಮ ಮುಂದಿನ ಗಣಿತ ಗ್ರಂಥಗಳಲ್ಲೂ ಮುಂದುವರಿಯಿತು.

ಕ್ರಿ.ಶ. 499ರ ಆರ್ಯಭಟೀಯದಲ್ಲಿ ತ್ರೈರಾಶಿಕದ ನಿಯಮ ಇದೆ. ಇದರಲ್ಲಿ ಮೂರು ರಾಶಿಗಳು ಗೊತ್ತಿರುತ್ತವೆ: ಪ್ರಮಾಣ, ಫಲ, ಇಚ್ಛೆ. ಕಂಡುಹಿಡಿಯಬೇಕಾದುದು ಇಚ್ಛಾಫಲ. 5 ಕಿಲೊ ಬೆಲ್ಲಕ್ಕೆ 300 ರೂಪಾಯಿ ಆದರೆ 8 ಕಿಲೊಗೆ ಎಷ್ಟು? 5 ಪ್ರಮಾಣ, 300 ಫಲ, 8 ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 480 ರೂಪಾಯಿ. ಪ್ರಮಾಣವೂ ಇಚ್ಛೆಯೂ ಒಂದೇ ಜಾತಿಯವಾಗಿರಬೇಕು ಎಂಬುದು ಇದರ ಕಟ್ಟುಪಾಡು: ಕಿಲೊಗೆ ಕಿಲೊ, ದಿನಕ್ಕೆ ದಿನ. 628ರಲ್ಲಿ ಬ್ರಹ್ಮಗುಪ್ತ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಇದನ್ನು ಐದು, ಏಳು, ಒಂಬತ್ತು, ಹನ್ನೊಂದು ರಾಶಿಗಳಿಗೂ ವಿಸ್ತರಿಸಿದ. ಅಸಲು, ಕಾಲ, ಬಡ್ಡಿ ಮೂರೂ ಬದಲಾಗುವ ಲೆಕ್ಕಗಳನ್ನು ಪಂಚರಾಶಿಕದಿಂದ ಬಿಡಿಸುತ್ತಿದ್ದರು.

ಭಿನ್ನರಾಶಿಯನ್ನು ಅಂಶ ಮೇಲೆ, ಛೇದ ಕೆಳಗೆ ಬರೆಯುವ ರೂಢಿಯೂ ಭಾರತದ್ದೇ. 1881ರಲ್ಲಿ ಪೇಶಾವರದ ಬಳಿಯ ಬಖ್ಶಾಲಿಯಲ್ಲಿ ಸಿಕ್ಕ, ಭೂರ್ಜಪತ್ರದ ಮೇಲೆ ಬರೆದ ಹಸ್ತಪ್ರತಿಯಲ್ಲಿ ಇದನ್ನು ನೋಡಬಹುದು. ನಡುವೆ ಗೆರೆ ಎಳೆಯುವ ಪದ್ಧತಿ ಮಾತ್ರ ಆಮೇಲೆ ಅರಬ್ ಗಣಿತಜ್ಞರಿಂದ ಬಂದಿತು.

1150ರಲ್ಲಿ ಎರಡನೆಯ ಭಾಸ್ಕರಾಚಾರ್ಯ ರಚಿಸಿದ ಲೀಲಾವತಿ ಈ ಬಗೆಯ ಲೆಕ್ಕಗಳನ್ನು ಭಾರತದಾದ್ಯಂತ ಮನೆಮಾತಾಗಿಸಿತು. ಅದರ ದುಂಬಿಗಳ ಲೆಕ್ಕ ಎಲ್ಲರಿಗೂ ಪರಿಚಿತ. ಹಿಂಡಿನ 1/5 ಭಾಗ ಕದಂಬಕ್ಕೆ, 1/3 ಭಾಗ ಶಿಲೀಂಧ್ರ ಹೂವಿಗೆ, ಈ ಎರಡರ ವ್ಯತ್ಯಾಸದ ಮೂರು ಪಟ್ಟು ಕುಟಜಕ್ಕೆ ಹೋಗಿ, ಒಂದು ದುಂಬಿ ಮಾತ್ರ ಗಾಳಿಯಲ್ಲಿ ಸುಳಿದಾಡುತ್ತಿದೆ. ಭಾಗಗಳನ್ನು ಕೂಡಿದರೆ 14/15. ಉಳಿದ 1/15 ಭಾಗವೇ ಆ ಒಂದು ದುಂಬಿ. ಹಿಂಡಿನಲ್ಲಿ ಒಟ್ಟು 15. ನಾಲ್ಕು ತೊರೆಗಳು ಒಂದು ಕೊಳವನ್ನು ಬೇರೆ ಬೇರೆಯಾಗಿ ಒಂದು ದಿನ, ಅರ್ಧ ದಿನ, ದಿನದ ಮೂರನೇ ಒಂದು ಭಾಗ, ಆರನೇ ಒಂದು ಭಾಗದಲ್ಲಿ ತುಂಬಿಸಿದರೆ ಎಲ್ಲವನ್ನೂ ಒಟ್ಟಿಗೆ ಬಿಟ್ಟಾಗ ಎಷ್ಟು ಹೊತ್ತು ಎಂಬ ಲೆಕ್ಕವೂ ಅದರಲ್ಲಿದೆ. ದಿನವೊಂದಕ್ಕೆ ಅವು ಕ್ರಮವಾಗಿ 1, 2, 3, 6 ಕೊಳ ತುಂಬಿಸುತ್ತವೆ, ಒಟ್ಟು 12. ಆದ್ದರಿಂದ ಬೇಕಾದ ಕಾಲ ದಿನದ 1/12. ಇಂದಿನ ಪಠ್ಯಪುಸ್ತಕಗಳ ನಲ್ಲಿ ಮತ್ತು ತೊಟ್ಟಿಯ ಲೆಕ್ಕ ಇದರದೇ ಸಂತಾನ.

ಕನ್ನಡ ನಾಡಿನಲ್ಲಿ

ಭಿನ್ನರಾಶಿಯ ಲೆಕ್ಕಗಳನ್ನು ವರ್ಗೀಕರಿಸಿ, ಪ್ರತ್ಯೇಕ ಅಧ್ಯಾಯಗಳಲ್ಲಿ ವಿಸ್ತಾರವಾಗಿ ಕಲಿಸಿದ ಕೀರ್ತಿ ಕನ್ನಡ ನಾಡಿನ ಮಹಾವೀರಾಚಾರ್ಯನದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, 850ರ ಸುಮಾರಿಗೆ, ಈತ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಜ್ಯೋತಿಷದ ಗ್ರಂಥವೊಂದರ ಅಂಗವಾಗಿ ಗಣಿತವನ್ನು ಬರೆಯುವುದು ರೂಢಿಯಾಗಿದ್ದ ಕಾಲದಲ್ಲಿ ಗಣಿತಕ್ಕೇ ಮೀಸಲಾದ ಸ್ವತಂತ್ರ ಗ್ರಂಥ ಇದು. ಇದರ ಒಂಬತ್ತು ಅಧ್ಯಾಯಗಳಲ್ಲಿ ಮೂರನೆಯದು ಭಿನ್ನರಾಶಿಯ ಕ್ರಿಯೆಗಳಿಗೆ, ನಾಲ್ಕನೆಯದು ಭಿನ್ನರಾಶಿಯ ಬಿಡಿ ಲೆಕ್ಕಗಳಿಗೆ, ಐದನೆಯದು ತ್ರೈರಾಶಿಕಕ್ಕೆ, ಆರನೆಯದು ಬಡ್ಡಿ, ಪಾಲು, ಮಿಶ್ರಣದ ಲೆಕ್ಕಗಳಿಗೆ ಮೀಸಲು. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು ಇದನ್ನು ಕನ್ನಡಕ್ಕೆ ತಂದರು.

ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ವಿಧಾನವನ್ನು ಮಹಾವೀರ ನಿರುದ್ಧ ಎಂಬ ಹೆಸರಿನಿಂದ ಸ್ಪಷ್ಟವಾಗಿ ಹೇಳಿದ್ದಾನೆ. ಒಂದನ್ನು ಅಂಶ 1 ಆಗಿರುವ ಎಷ್ಟು ಭಿನ್ನರಾಶಿಗಳ ಮೊತ್ತವಾಗಿ ಬೇಕಾದರೂ ಬರೆಯುವ ನಿಯಮವನ್ನೂ ಕೊಟ್ಟಿದ್ದಾನೆ. ನಾಲ್ಕು ಪದ ಬೇಕಾದರೆ 1/2, 1/3, 1/9, 1/18. ಕೂಡಿ ನೋಡಿದರೆ ಸರಿಯಾಗಿ 1.

ನಾಲ್ಕನೆಯ ಅಧ್ಯಾಯದಲ್ಲಿ ಅವನು ಲೆಕ್ಕಗಳನ್ನು ಹತ್ತು ಜಾತಿಗಳಾಗಿ ವಿಂಗಡಿಸುತ್ತಾನೆ. ಅವುಗಳಲ್ಲಿ ಮೊದಲಿನ ಎರಡು ಇಂದಿನ ಶಿಕ್ಷಕರಿಗೂ ಪಾಠ: ಭಾಗ ಜಾತಿಯಲ್ಲಿ ಎಲ್ಲ ಪಾಲುಗಳೂ ಮೂಲ ರಾಶಿಯ ಪಾಲುಗಳು; ಶೇಷ ಜಾತಿಯಲ್ಲಿ ಪ್ರತಿ ಪಾಲೂ ಹಿಂದಿನದು ಹೋಗಿ ಉಳಿದುದರ ಪಾಲು. ಅವನ ಮುತ್ತಿನ ಹಾರದ ಲೆಕ್ಕದಲ್ಲಿ ಎರಡೂ ಸೇರಿವೆ. ಹಾರ ಹರಿದಾಗ ಮುತ್ತುಗಳ 1/3 ಭಾಗ ದಾಸಿಯ ಬಳಿಗೆ, 1/6 ಭಾಗ ಹಾಸಿಗೆಯ ಮೇಲೆ ಬಿದ್ದವು. ಉಳಿದುದರಲ್ಲಿ ಅರ್ಧ, ಮತ್ತೆ ಉಳಿದುದರಲ್ಲಿ ಅರ್ಧ, ಹೀಗೆ ಆರು ಸಲ ಚೆಲ್ಲಾಡಿ ಹೋದವು. ದಾರದಲ್ಲಿ 1,161 ಉಳಿದಿವೆ. ಮೊದಲ ಎರಡು ಪಾಲು ಹೋದ ಮೇಲೆ ಉಳಿದದ್ದು ಅರ್ಧ; ಆರು ಸಲ ಅರ್ಧವಾದರೆ 1/64. ಆದ್ದರಿಂದ ದಾರದಲ್ಲಿರುವುದು ಒಟ್ಟಿನ 1/128 ಭಾಗ, ಒಟ್ಟು ಮುತ್ತುಗಳು 1,48,608. ಈ ಗ್ರಂಥ ದಕ್ಷಿಣದಲ್ಲಿ ವ್ಯಾಪಕವಾಗಿ ಓದಿಕೆಯಲ್ಲಿತ್ತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ.

ಕನ್ನಡದಲ್ಲಿಯೇ ಗಣಿತವನ್ನು ಬರೆದ ಮೊದಲಿಗ 12ನೆಯ ಶತಮಾನದ ಜೈನ ಕವಿ ರಾಜಾದಿತ್ಯ. ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ, ಚಿತ್ರಹಸುಗೆ ಮೊದಲಾದವು ಅವನ ಕೃತಿಗಳು. ಹೆಸರೇ ಹೇಳುವಂತೆ ವ್ಯವಹಾರಗಣಿತ ಕೊಡುಕೊಳ್ಳುವಿಕೆಯ ಲೆಕ್ಕಗಳ ಪುಸ್ತಕ. ಸೂತ್ರ, ಉದಾಹರಣೆ, ವಿವರಣೆ ಎಲ್ಲವೂ ಕನ್ನಡದಲ್ಲಿವೆ. ಇತ್ತ ಶಾಸನಗಳಲ್ಲಿ ಹಾಗ, ವೀಸ ಎಂಬ ಹಣದ ಪಾಲುಗಳು ಮತ್ತೆ ಮತ್ತೆ ಬರುತ್ತವೆ. ಹಾಗ ಎಂದರೆ ಪಣದ ಕಾಲುಭಾಗ, ವೀಸ ಎಂದರೆ ಹದಿನಾರನೇ ಒಂದು ಭಾಗ. ದೇವಾಲಯಕ್ಕೆ ಹೊನ್ನು ಕೊಟ್ಟು ಅದರ ಬಡ್ಡಿಯಿಂದ ನಂದಾದೀಪ ಉರಿಯಬೇಕೆಂದು ಕಟ್ಟಳೆ ಮಾಡಿದ ಶಾಸನಗಳು ಬಡ್ಡಿಲೆಕ್ಕ ಊರಿನ ಬದುಕಿನಲ್ಲಿ ಎಷ್ಟು ಬೆರೆತಿತ್ತೆಂಬುದಕ್ಕೆ ಸಾಕ್ಷಿ.

ಹದಿನಾರರಿಂದ ನೂರಕ್ಕೆ

ಹಿಂದಿನ ಕಾಲದ ಊರ ಶಾಲೆಗಳಾದ ಕೂಲಿಮಠಗಳಲ್ಲಿ ಮಕ್ಕಳು ಪೂರ್ಣಸಂಖ್ಯೆಯ ಮಗ್ಗಿಯ ಜೊತೆಗೆ ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನೂ ಬಾಯಿಪಾಠ ಮಾಡುತ್ತಿದ್ದರು. ಏಳು ಮುಕ್ಕಾಲು ಐದೂಕಾಲು ಎಂದು ತಡವರಿಸದೆ ಹೇಳುವುದು ವ್ಯಾಪಾರಕ್ಕೂ ಜಮೀನಿನ ಲೆಕ್ಕಕ್ಕೂ ಬೇಕಾದ ಸಿದ್ಧತೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಹಾಗಾಗಿ ರೂಪಾಯಿಗೆ 192 ಪೈ. ಸೇರಿನಲ್ಲಿ ಅರ್ಧ ಅಚ್ಚೇರು, ಕಾಲು ಪಾವು. ಎರಡರಿಂದ, ನಾಲ್ಕರಿಂದ ಒಡೆಯುತ್ತ ಹೋಗುವ ಈ ಅಳತೆಗಳಲ್ಲಿ ಭಿನ್ನರಾಶಿ ಸಹಜವಾಗಿತ್ತು. ಶೇಕಡಾ ತೆಗೆಯುವುದೇ ಕಷ್ಟವಾಗಿತ್ತು.

1957ರ ಏಪ್ರಿಲ್ 1ರಂದು ಭಾರತ ದಶಮಾಂಶ ನಾಣ್ಯಪದ್ಧತಿಗೆ ಬಂದಿತು. ರೂಪಾಯಿಗೆ 100 ನಯಾ ಪೈಸೆಯಾಯಿತು. 1956ರ ಕಾಯ್ದೆಯ ಪ್ರಕಾರ ಕಿಲೊ, ಮೀಟರ್, ಲೀಟರುಗಳೂ ಹಂತಹಂತವಾಗಿ ಜಾರಿಗೆ ಬಂದವು. ರೂಪಾಯಿಯೇ ನೂರು ಭಾಗವಾದಾಗ ಶೇಕಡಾ ಎಂಬುದು ರೂಪಾಯಿಗೆ ಇಷ್ಟು ಪೈಸೆ ಎಂದಾಯಿತು. ಪಠ್ಯಪುಸ್ತಕಗಳಿಂದ ಆಣೆ ಪೈಗಳ ಉದ್ದುದ್ದ ಲೆಕ್ಕಗಳು ಮರೆಯಾದವು. ಆದರೂ ನಾಲ್ಕಾಣೆ, ಎಂಟಾಣೆ ಎಂಬ ಮಾತುಗಳು ಜನರ ಬಾಯಲ್ಲಿ ಬಹುಕಾಲ ಉಳಿದವು. 25 ಪೈಸೆಯ ನಾಣ್ಯ ಚಲಾವಣೆಯಿಂದ ಹೋದದ್ದು 2011ರಲ್ಲಿ.

ಭಿನ್ನರಾಶಿಯ ಲೆಕ್ಕಗಳ ಬಗೆಗಳು

ಶಾಲಾ ಪುಸ್ತಕಗಳ ಭಿನ್ನರಾಶಿ ಲೆಕ್ಕಗಳನ್ನು ಮುಖ್ಯವಾಗಿ ನಾಲ್ಕು ಬಗೆಯಾಗಿ ನೋಡಬಹುದು. ಮೊದಲನೆಯದು ಇಡಿ ಗೊತ್ತಿದ್ದು ಭಾಗವನ್ನು ಕೇಳುವುದು: 60 ತೆಂಗಿನಕಾಯಿಗಳಲ್ಲಿ 2/5 ಭಾಗ ಮಾರಿದರೆ ಮಾರಿದ್ದೆಷ್ಟು? 24. ಎರಡನೆಯದು ಭಾಗ ಗೊತ್ತಿದ್ದು ಇಡಿಯನ್ನು ಕೇಳುವುದು: ತೊಟ್ಟಿಯ 3/5 ಭಾಗ ತುಂಬಿದಾಗ 450 ಲೀಟರ್ ನೀರಿದ್ದರೆ ತೊಟ್ಟಿ ಹಿಡಿಯುವುದೆಷ್ಟು? ಮೂರು ಪಾಲಿಗೆ 450 ಆದರೆ ಒಂದು ಪಾಲಿಗೆ 150, ಐದು ಪಾಲಿಗೆ 750 ಲೀಟರ್. 450ನ್ನು 3/5ರಿಂದ ಗುಣಿಸಿ 270 ಎಂದು ಬರೆಯುವ ಮಗು 450ನ್ನೇ ಇಡಿ ಎಂದು ತಿಳಿದಿರುತ್ತದೆ. ತುಂಬಿರುವ ನೀರಿಗಿಂತ ತೊಟ್ಟಿ ಚಿಕ್ಕದಾಗಲು ಸಾಧ್ಯವೇ ಎಂದು ಒಮ್ಮೆ ಕೇಳಿದರೆ ಅದೇ ತಿದ್ದಿಕೊಳ್ಳುತ್ತದೆ.

ಮೂರನೆಯದು ಉಳಿಕೆಯ ಲೆಕ್ಕ. ರೈತನೊಬ್ಬನಿಗೆ 12 ಎಕರೆ ಹೊಲ. 1/3 ಭಾಗದಲ್ಲಿ ಜೋಳ, ಉಳಿದುದರ 1/4 ಭಾಗದಲ್ಲಿ ಹತ್ತಿ, ಮಿಕ್ಕಿದ್ದರಲ್ಲಿ ತೊಗರಿ. ಜೋಳಕ್ಕೆ 4 ಎಕರೆ, ಉಳಿದ 8ರಲ್ಲಿ ಹತ್ತಿಗೆ 2, ತೊಗರಿಗೆ 6. 'ಉಳಿದುದರ' ಎಂಬ ಒಂದು ಪದವನ್ನು ಹಾರಿಸಿ ಓದಿದರೆ ಹತ್ತಿ 3 ಎಕರೆ, ತೊಗರಿ 5 ಎಕರೆ ಆಗಿಬಿಡುತ್ತದೆ. ಮಹಾವೀರ ಭಾಗ ಜಾತಿಯನ್ನೂ ಶೇಷ ಜಾತಿಯನ್ನೂ ಬೇರೆ ಮಾಡಿದ್ದು ಇದಕ್ಕಾಗಿಯೇ.

ನಾಲ್ಕನೆಯದು ಕೆಲಸ ಮತ್ತು ಕಾಲದ ಲೆಕ್ಕ. ಒಬ್ಬಳು ಒಂದು ಕೆಲಸವನ್ನು 6 ದಿನದಲ್ಲಿ, ಇನ್ನೊಬ್ಬಳು 12 ದಿನದಲ್ಲಿ ಮುಗಿಸಿದರೆ ಇಬ್ಬರೂ ಸೇರಿ ಎಷ್ಟು ದಿನ? ದಿನಗಳನ್ನು ಕೂಡುವುದರಲ್ಲಿ ಅರ್ಥವಿಲ್ಲ; ಒಂದು ದಿನದ ಕೆಲಸವನ್ನು ಕೂಡಬೇಕು. 1/6 ಮತ್ತು 1/12 ಸೇರಿ 1/4. ಆದ್ದರಿಂದ 4 ದಿನ. ಇಲ್ಲಿ ಇಡೀ ಕೆಲಸವೇ 1 ಎಂಬ ತಿಳಿವಳಿಕೆ ಮುಖ್ಯ.

ಶೇಕಡಾ ಲೆಕ್ಕಗಳು

ಶೇಕಡಾ ಲೆಕ್ಕ ಮಕ್ಕಳಿಗೆ ಮೊದಲು ಎದುರಾಗುವುದು ಪರೀಕ್ಷೆಯ ಅಂಕಗಳಲ್ಲಿ. ಕರ್ನಾಟಕದ ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ 575 ಪಡೆದ ವಿದ್ಯಾರ್ಥಿಯ ಸಾಧನೆ ಶೇ 92. ಚಿನ್ನದಂಗಡಿಯಲ್ಲಿ ಕಾಣುವ 916 ಎಂಬ ಗುರುತೂ ಇಂಥದೇ ಲೆಕ್ಕ: 24ರಲ್ಲಿ 22 ಪಾಲು ಶುದ್ಧ ಚಿನ್ನ ಎಂದರೆ ಸಾವಿರಕ್ಕೆ ಸುಮಾರು 916 ಪಾಲು.

ಲಾಭನಷ್ಟದ ಲೆಕ್ಕಗಳಲ್ಲಿ ಶಾಲೆಯ ಕಟ್ಟಳೆಯಂತೆ ಶೇಕಡಾ ತೆಗೆಯುವುದು ಕೊಂಡ ಬೆಲೆಯ ಮೇಲೆ. 80 ರೂಪಾಯಿಗೆ ಕೊಂಡು 100ಕ್ಕೆ ಮಾರಿದರೆ ಲಾಭ ಶೇ 25. ಅದೇ 20 ರೂಪಾಯಿಯನ್ನು ಮಾರಿದ ಬೆಲೆಗೆ ಹೋಲಿಸಿದರೆ ಶೇ 20. ರಿಯಾಯಿತಿ ತೆಗೆಯುವುದು ಮುದ್ರಿತ ಬೆಲೆಯ ಮೇಲೆ. ಆಧಾರ ಬದಲಾದರೆ ಶೇಕಡಾ ಬದಲಾಗುತ್ತದೆ. 1,000 ರೂಪಾಯಿಯ ಸೀರೆಯ ಬೆಲೆಯನ್ನು ಶೇ 20 ಏರಿಸಿ, ಆಮೇಲೆ ಶೇ 20 ರಿಯಾಯಿತಿ ಕೊಟ್ಟರೆ ಬೆಲೆ ಮೊದಲಿನಷ್ಟಕ್ಕೆ ಬರುವುದಿಲ್ಲ. ಏರಿಕೆ 1,000ದ ಮೇಲೆ, ಇಳಿಕೆ 1,200ರ ಮೇಲೆ. ಕೊನೆಯ ಬೆಲೆ 960. ಹಾಗೆಯೇ ಶೇ 18 ಜಿಎಸ್‌ಟಿ ಸೇರಿ 1,180 ರೂಪಾಯಿಯ ಬಿಲ್ಲಿನಿಂದ ಮೂಲ ಬೆಲೆ ತೆಗೆಯಬೇಕಾದರೆ 1,180ರ ಶೇ 18ನ್ನು ಕಳೆಯುವುದು ತಪ್ಪು. 118 ಪಾಲಿಗೆ 1,180 ಆದರೆ 100 ಪಾಲಿಗೆ 1,000 ಎಂದು ತೆಗೆಯಬೇಕು.

ಬಡ್ಡಿಲೆಕ್ಕದಲ್ಲಿ ಆಧಾರ ಎರಡು: ಅಸಲು ಮತ್ತು ಕಾಲ. ಬ್ಯಾಂಕು ಹೇಳುವ ಶೇಕಡಾ ವರ್ಷದ್ದು. ಹಳ್ಳಿಯ ಕೈಸಾಲದಲ್ಲಿ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದರೆ ಸಾಮಾನ್ಯವಾಗಿ ತಿಂಗಳಿನದು, ಅಂದರೆ ವರ್ಷಕ್ಕೆ ಶೇ 24. ಕೌಟಿಲ್ಯನ ಕಾಲದ ತಿಂಗಳ ಲೆಕ್ಕ ಇಂದಿಗೂ ಊರಿನ ಮಾತಿನಲ್ಲಿ ಬದುಕಿದೆ. 10,000 ರೂಪಾಯಿ ಸಾಲಕ್ಕೆ ಇದು ವರ್ಷಕ್ಕೆ 2,400 ರೂಪಾಯಿ. ಎರಡೇ ಎಂಬ ಸಣ್ಣ ಅಂಕಿಯ ಹಿಂದೆ ಎಷ್ಟು ದೊಡ್ಡ ಹೊರೆಯಿದೆ ಎಂಬುದನ್ನು ಏಳನೆಯ ತರಗತಿಯ ಮಗು ಲೆಕ್ಕಹಾಕಿ ಮನೆಯವರಿಗೆ ಹೇಳಬಲ್ಲುದು. ಚಕ್ರಬಡ್ಡಿಯಲ್ಲಿ ಆಧಾರವೇ ವರ್ಷವರ್ಷ ಬೆಳೆಯುತ್ತದೆ: 10,000 ರೂಪಾಯಿಗೆ ಶೇ 10ರಂತೆ ಎರಡು ವರ್ಷಕ್ಕೆ ಸರಳ ಬಡ್ಡಿ 2,000, ಚಕ್ರಬಡ್ಡಿ 2,100.

ಅನುಪಾತದ ಲೆಕ್ಕಗಳು

ಗಾರೆ ಕೆಲಸದವರು ಕಾಂಕ್ರೀಟಿಗೆ ಸಿಮೆಂಟು, ಮರಳು, ಜಲ್ಲಿಯನ್ನು 1:2:4ರಂತೆ ಬೆರೆಸುವುದುಂಟು. 21 ಬಾಂಡಲಿ ಒಣ ಸಾಮಗ್ರಿ ಬೇಕಾದರೆ ಒಟ್ಟು ಪಾಲು 7, ಪಾಲಿಗೆ 3 ಬಾಂಡಲಿ. ಹಾಗಾಗಿ 3, 6, 12. ಪಾಲುದಾರಿಕೆಯ ಲೆಕ್ಕದಲ್ಲಿ ಹಣದ ಜೊತೆಗೆ ಕಾಲವನ್ನೂ ಗುಣಿಸಬೇಕು. ಒಬ್ಬ 40,000 ರೂಪಾಯಿಯನ್ನು 12 ತಿಂಗಳು, ಇನ್ನೊಬ್ಬ 60,000 ರೂಪಾಯಿಯನ್ನು 8 ತಿಂಗಳು ತೊಡಗಿಸಿದರೆ ಇಬ್ಬರ ಪಾಲೂ ಸಮ. ಮಿಶ್ರಣದ ಲೆಕ್ಕದಲ್ಲಿ ಕಿಲೊಗೆ 40 ಮತ್ತು 55 ರೂಪಾಯಿಯ ಅಕ್ಕಿಯನ್ನು ಬೆರೆಸಿ 45 ರೂಪಾಯಿಯ ಅಕ್ಕಿ ಮಾಡಬೇಕಾದರೆ, ದುಬಾರಿ ಅಕ್ಕಿ 45ಕ್ಕಿಂತ 10 ಹೆಚ್ಚು, ಅಗ್ಗದ್ದು 5 ಕಡಿಮೆ; ಆದ್ದರಿಂದ ಅಗ್ಗದ್ದು ಎರಡು ಪಾಲು, ದುಬಾರಿಯದು ಒಂದು ಪಾಲು.

ವಿಲೋಮ ಅನುಪಾತದಲ್ಲಿ ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುತ್ತದೆ. 6 ಆಳು 10 ದಿನದಲ್ಲಿ ಮುಗಿಸುವ ಕೆಲಸವನ್ನು 15 ಆಳು 4 ದಿನದಲ್ಲಿ ಮುಗಿಸುತ್ತಾರೆ. ಎರಡೂ ಕಡೆ ಗುಣಲಬ್ಧ 60. ಪ್ರಾಚೀನರು ಇದನ್ನು ವ್ಯಸ್ತ ತ್ರೈರಾಶಿಕ ಎಂದು ಬೇರೆಯಾಗಿ ಕಲಿಸುತ್ತಿದ್ದರು. ಸೂತ್ರ ಹಾಕುವ ಮೊದಲೇ ಉತ್ತರ ಹೆಚ್ಚಾಗಬೇಕೋ ಕಡಿಮೆಯಾಗಬೇಕೋ ಎಂದು ಯೋಚಿಸುವುದು ಅವರ ಕಾಲದಿಂದ ಬಂದ ಒಳ್ಳೆಯ ಅಭ್ಯಾಸ.

ತಪ್ಪುಗಳು ಎಲ್ಲಿ ಹುಟ್ಟುತ್ತವೆ

ಈ ಲೆಕ್ಕಗಳಲ್ಲಿನ ತಪ್ಪುಗಳನ್ನು ಶಿಕ್ಷಣತಜ್ಞರು ದೀರ್ಘಕಾಲ ಅಭ್ಯಾಸ ಮಾಡಿದ್ದಾರೆ. ಅಮೆರಿಕದಲ್ಲಿ 1978ರ ರಾಷ್ಟ್ರಮಟ್ಟದ ಪರೀಕ್ಷೆಯೊಂದರಲ್ಲಿ 12/13 ಮತ್ತು 7/8ರ ಮೊತ್ತ 1, 2, 19, 21 ಇವುಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ಕೇಳಿದಾಗ 13 ವರ್ಷದ ಮಕ್ಕಳಲ್ಲಿ ಶೇ 24 ಮಂದಿ ಮಾತ್ರ ಸರಿಯಾಗಿ 2 ಎಂದರು. ಎರಡೂ ಭಿನ್ನರಾಶಿಗಳು ಹೆಚ್ಚುಕಡಿಮೆ ಒಂದೊಂದೇ ಎಂಬುದು ಉಳಿದವರಿಗೆ ಹೊಳೆಯಲಿಲ್ಲ. ಅವರಲ್ಲಿ ಬಹುಮಂದಿ ಅಂಶಗಳನ್ನೋ ಛೇದಗಳನ್ನೋ ಕೂಡಿ 19, 21 ಎಂದರು.

ಅನುಪಾತದಲ್ಲಿ ಸಾಮಾನ್ಯವಾದ ತಪ್ಪು ಪಟ್ಟಿನ ಬದಲು ವ್ಯತ್ಯಾಸವನ್ನು ಹಿಡಿಯುವುದು. ಭೌತವಿಜ್ಞಾನಿ ರಾಬರ್ಟ್ ಕಾರ್ಪ್ಲಸ್ ಮಕ್ಕಳಿಗೆ ಕೊಟ್ಟ ಲೆಕ್ಕ ಪ್ರಸಿದ್ಧ: ಕುಳ್ಳನ ಚಿತ್ರ ಗುಂಡಿಗಳಲ್ಲಿ ಅಳೆದರೆ 4, ಕಾಗದದ ಕ್ಲಿಪ್ಪುಗಳಲ್ಲಿ 6, ಉದ್ದನೆಯವನ ಚಿತ್ರ 6 ಗುಂಡಿ, ಹಾಗಾದರೆ ಎಷ್ಟು ಕ್ಲಿಪ್? ಎರಡು ಹೆಚ್ಚಾಯಿತಲ್ಲ ಎಂದು ಅನೇಕರು 8 ಎಂದರು. ಸರಿಯುತ್ತರ 9.

ಇದಕ್ಕಿಂತ ಆಳವಾದದ್ದು ಅರ್ಥ ನೋಡದೆ ಅಂಕಿ ಹಿಡಿಯುವ ಅಭ್ಯಾಸ. 1980ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಚಿಕ್ಕ ಮಕ್ಕಳಿಗೆ ಕೇಳಿದ ಪ್ರಶ್ನೆ ಹೀಗಿತ್ತು: ಹಡಗಿನಲ್ಲಿ 26 ಕುರಿ, 10 ಆಡುಗಳಿವೆ, ಕಪ್ತಾನನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಅಂಕಿಗಳಿಂದಲೇ ಒಂದು ಉತ್ತರ ತೆಗೆದರು. ಲೆಕ್ಕವೆಂದರೆ ಅಂಕಿಗಳನ್ನು ಏನಾದರೂ ಮಾಡಿ ಉತ್ತರ ಕೊಡುವುದು ಎಂದು ಶಾಲೆ ಅವರಿಗೆ ಕಲಿಸಿಬಿಟ್ಟಿತ್ತು. ಆ ತಪ್ಪಿನ ಹೊಣೆ ಮಕ್ಕಳದಲ್ಲ.

ಭಾಷೆಯೂ ಎಚ್ಚರ ಕೇಳುತ್ತದೆ. ಕನ್ನಡದಲ್ಲಿ ಐದರಲ್ಲಿ ಮೂರು ಪಾಲು ಎನ್ನುವಾಗ ಛೇದ ಮೊದಲು ಬರುತ್ತದೆ, ಬರೆಯುವಾಗ ಅಂಶ ಮೇಲೆ ಬರುತ್ತದೆ. ಬಡ್ಡಿ ಶೇ 8ರಿಂದ ಶೇ 2ರಷ್ಟು ಏರಿತು ಎಂದರೆ ಶೇ 10 ಆಯಿತೋ ಶೇ 8.16 ಆಯಿತೋ ಎಂಬ ಗೊಂದಲ ಪತ್ರಿಕೆಗಳಲ್ಲೂ ಕಾಣುತ್ತದೆ. ಶೇ 5ರಷ್ಟು ಏರುವುದೂ ಶೇ 5ಕ್ಕೆ ಏರುವುದೂ ಒಂದೇ ಅಲ್ಲ. ಇಂಥ ವಾಕ್ಯಗಳನ್ನು ಗಣಿತದ ತರಗತಿಯಲ್ಲಿಯೇ ಓದಿಸಿ ಬಿಡಿಸಬೇಕು.

ಬಿಡಿಸುವ ಮತ್ತು ಕಲಿಸುವ ವಿಧಾನಗಳು

ತ್ರೈರಾಶಿಕದ ಸೂತ್ರ ವೇಗದ್ದು; ಆದರೆ ಅರ್ಥ ತಿಳಿಯದೆ ಬಳಸಿದರೆ ವಿಲೋಮ ಅನುಪಾತದಲ್ಲಿ ಕೈಕೊಡುತ್ತದೆ. ಆದ್ದರಿಂದ ಶಾಲೆಗಳಲ್ಲಿ ಮೊದಲು ಒಂದರ ಬೆಲೆ ತೆಗೆದು ಆಮೇಲೆ ಬೇಕಾದಷ್ಟರ ಬೆಲೆ ತೆಗೆಯುವ ಕ್ರಮವನ್ನು ಕಲಿಸುತ್ತಾರೆ. ಸಿಂಗಪುರದಲ್ಲಿ 1980ರ ದಶಕದ ಆರಂಭದಲ್ಲಿ ಖೋ ಟೆಕ್ ಹಾಂಗ್ ಅವರ ತಂಡ ಪಟ್ಟಿಚಿತ್ರದ ವಿಧಾನವನ್ನು ರೂಪಿಸಿತು. ಇಡಿಯನ್ನು ಒಂದು ಉದ್ದನೆಯ ಪಟ್ಟಿಯಾಗಿ ಬರೆದು ಸಮ ಭಾಗ ಮಾಡಿ, ಗೊತ್ತಿರುವುದನ್ನು ಗುರುತಿಸುವುದು ಅದರ ರೀತಿ. ಮೇಲಿನ ತೊಟ್ಟಿಯ ಲೆಕ್ಕದಲ್ಲಿ ಐದು ಮನೆಗಳ ಪಟ್ಟಿಯ ಮೂರು ಮನೆಗಳಲ್ಲಿ 450 ಎಂದು ಬರೆದ ಮಗುವಿಗೆ ಮುಂದಿನ ಹೆಜ್ಜೆ ಕಣ್ಣಿಗೇ ಕಾಣುತ್ತದೆ. ಬೀಜಗಣಿತ ಬರುವ ಮೊದಲೇ ಅವ್ಯಕ್ತ ರಾಶಿಯನ್ನು ಹಿಡಿಯಲು ಇದು ನೆರವಾಗುತ್ತದೆ.

ಜಾರ್ಜ್ ಪೋಲ್ಯಾ 1945ರ ಗ್ರಂಥದಲ್ಲಿ ಸಮಸ್ಯೆ ಬಿಡಿಸಲು ನಾಲ್ಕು ಹಂತ ಹೇಳಿದರು: ಅರ್ಥಮಾಡಿಕೊಳ್ಳುವುದು, ಯೋಜನೆ ಹಾಕುವುದು, ನಡೆಸುವುದು, ಹಿಂದಿರುಗಿ ನೋಡುವುದು. ಮೊದಲನೆಯ ಮತ್ತು ಕೊನೆಯ ಹಂತಗಳಿಗೆ ತರಗತಿಯಲ್ಲಿ ಸಮಯ ಸಿಗುವುದೇ ಕಡಿಮೆ. ಭಾರತದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮಗುವಿನ ಆಲೋಚನೆಯನ್ನು ಗಣಿತದ ದಾರಿಗೆ ತರುವುದೇ ಗಣಿತ ಶಿಕ್ಷಣದ ಮುಖ್ಯ ಗುರಿ ಎಂದಿತು, ಸೂತ್ರಗಳ ಬಾಯಿಪಾಠವನ್ನಲ್ಲ.

ಮಹತ್ವ

ಸಾಲಪತ್ರ, ಸಂಬಳದ ಚೀಟಿ, ಗೊಬ್ಬರದ ಚೀಲದ ಮೇಲಿನ ಪ್ರಮಾಣ, ಔಷಧದ ಅಳತೆ, ಚುನಾವಣೆಯ ಮತಗಳಿಕೆ, ಬೆಲೆಯೇರಿಕೆಯ ಸುದ್ದಿ ಇವೆಲ್ಲ ಈ ಮೂರು ಪರಿಕಲ್ಪನೆಗಳಲ್ಲೇ ಬರೆಯಲ್ಪಟ್ಟಿವೆ. ಇವನ್ನು ಓದಲಾರದವರು ಮೋಸಹೋಗುವುದು ಸುಲಭ. ಮಹಾವೀರಾಚಾರ್ಯ ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಇಡಿಯ ಪಾಲು ಯಾವುದು, ಉಳಿಕೆಯ ಪಾಲು ಯಾವುದು ಎಂದು ಬೇರ್ಪಡಿಸಿ ಕಲಿಸಿದ ನಾಡಿನಲ್ಲಿ ಇಂದಿನ ಮಕ್ಕಳು ಅದನ್ನು ಭಯವಿಲ್ಲದೆ ಕಲಿಯಬೇಕು. ಅದಕ್ಕೆ ಹೆಚ್ಚಿನ ಸಾಧನಗಳೇನೂ ಬೇಡ. ಲೆಕ್ಕಕ್ಕೆ ಕೈಹಾಕುವ ಮೊದಲು ಮಗು ಅದನ್ನು ತನ್ನದೇ ಮಾತಿನಲ್ಲಿ ಹೇಳಲಿ, ಇಲ್ಲಿ ಇಡಿ ಯಾವುದೆಂದು ತೋರಿಸಲಿ, ಉತ್ತರ ಬಂದ ಮೇಲೆ ಅದು ಸಂದರ್ಭಕ್ಕೆ ಒಪ್ಪುತ್ತದೆಯೇ ಎಂದು ನೋಡಲಿ. ಶಿಕ್ಷಕರೂ ತಂದೆತಾಯಿಗಳೂ ಉತ್ತರದ ಅಂಕಿಗಿಂತ ಮೊದಲು ಈ ಮೂರನ್ನು ಕೇಳುವ ರೂಢಿ ಮಾಡಿಕೊಳ್ಳಬೇಕು.